ನಿಂತುಹೋದ ಕೆಲಸಕ್ಕೆ ಜಪಾನಿ ಭಾಷೆಯಲ್ಲಿ ಯಾವ ಪದ?

ಜಪಾನಿಗೆ ಹೊರಟ ಎಂಜಿನಿಯರುಗಳಿಗೆ ಬೆಂಗಳೂರಿನಲ್ಲಿ ಭಾಷೆ ಕಲಿಸುವ ನಾನು, ಈ ಪದಗಳ ಪಾಠಕ್ಕೆ ಬಂದಾಗ ಮೊದಲು ಕೇಳುವ ಪ್ರಶ್ನೆ ಒಂದೇ: ನಿಂತದ್ದು ಮತ್ತೆ ಶುರುವಾಗುವುದೇ, ಇಲ್ಲವೇ?

'ಚೂಶಿ' ಎಂದರೆ ರದ್ದು, 'ಎಂಕಿ' ಎಂದರೆ ಮುಂದೂಡಿಕೆ. 2020ರ ಮಾರ್ಚ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್ 'ಎಂಕಿ' ಆಯಿತು; 2021ರ ಜುಲೈನಲ್ಲಿ ಆರಂಭವಾಯಿತು. ಅದೇ ನಗರಕ್ಕೆ ದಕ್ಕಿದ್ದ 1940ರ ಕೂಟವನ್ನು ಜಪಾನ್ 1938ರಲ್ಲಿ ಬಿಟ್ಟುಕೊಟ್ಟದ್ದು 'ಹೆಂಜೋ', ಪಡೆದದ್ದನ್ನು ಹಿಂದಿರುಗಿಸುವುದು. ವೆಚ್ಚ ಏರಿತೆಂದು 2015ರಲ್ಲಿ ವಾಸ್ತುಶಿಲ್ಪಿ ಝಹಾ ಹದೀದ್ ಅವರ ಒಲಿಂಪಿಕ್ ಕ್ರೀಡಾಂಗಣ ವಿನ್ಯಾಸವನ್ನು ಪ್ರಧಾನಿ ಅಬೆ ಕೈಬಿಟ್ಟಾಗ ಬಳಕೆಯಾದ ಪದ 'ಹಕುಶಿ', ಖಾಲಿ ಹಾಳೆ. ಅಂದರೆ ಮೊದಲಿನಿಂದ ಮತ್ತೆ ಆರಂಭ.

ರೈಲು ನಿಲ್ದಾಣದ ಪದಗಳನ್ನು ದಯವಿಟ್ಟು ಬಾಯಿಪಾಠ ಮಾಡಿ. 'ಉಂತೆನ್ ಮಿಆವಸೆ' ಎಂದು ಘೋಷಿಸಿದರೆ ಸಂಚಾರವನ್ನು ಸದ್ಯಕ್ಕೆ ತಡೆದಿದ್ದಾರೆ, ಮತ್ತೆ ಬಿಡುತ್ತಾರೆ. ಫಲಕದಲ್ಲಿ 'ಸೈಕೈ' ಪದದ ಜೊತೆಗಿರುವ ಸಮಯವೇ ಪುನರಾರಂಭದ ಅಂದಾಜು. 'ಉಂಕ್ಯೂ' ಎಂದಿದ್ದರೆ ಆ ರೈಲು ಬರುವುದೇ ಇಲ್ಲ, ಕಾಯಬೇಡಿ. ಚಂಡಮಾರುತ ಬರುವಾಗ 'ಕೇಯ್ಕಾಕು ಉಂಕ್ಯೂ' ಎಂದು ಮುಂಚಿತವಾಗಿಯೇ ಸಾರುತ್ತಾರೆ. ಹಿಂದಿನ ದಿನವೇ ಸುದ್ದಿ ನೋಡಿಕೊಳ್ಳಿ. 'ಫುರಿಕಾಎ ಯುಸೋ' ಕೇಳಿಸಿದರೆ, ಪಾಸ್ ಇದ್ದವರು ಸೂಚಿಸಿದ ಬೇರೆ ಮಾರ್ಗದಲ್ಲಿ ಹೆಚ್ಚು ಹಣ ಕೊಡದೆ ಹೋಗಬಹುದು. ಕಾರ್ಡಿಗೆ ತುಂಬಿಸಿದ ಹಣದಿಂದ ಪ್ರಯಾಣಿಸುವವರಿಗೆ ಈ ಸೌಲಭ್ಯವಿಲ್ಲ. ಇದನ್ನು ತಿಳಿಯದೆ ಹೊಸಬರು ಗೊಂದಲಕ್ಕೆ ಬೀಳುತ್ತಾರೆ. ವಿಮಾನ, ಹಡಗು ರದ್ದಾದರೆ 'ಕೆಕ್ಕೋ'.

ಕಚೇರಿಯಲ್ಲಿ ಕಿವಿ ಇನ್ನಷ್ಟು ಚುರುಕಾಗಿರಬೇಕು. ಬೇಕೆಂದೇ ಬದಿಗಿಟ್ಟು ನೆನೆಗುದಿಗೆ ಬಿದ್ದದ್ದು 'ತನಾಆಗೆ'. ನಡುವೆ ಸಿಕ್ಕಿಬಿದ್ದು ಮುಂದೆ ಹೋಗದ್ದು 'ತೊಂಜ'. ಯಾರೂ ಘೋಷಿಸದೆ ತಾನಾಗಿ ಆರಿಹೋದದ್ದು 'ತಾಚಿಗಿಎ'. ಎಲ್ಲಕ್ಕಿಂತ ಮುಖ್ಯವಾದದ್ದು 'ಮಿಒಕುರಿ'. 'ಕೊಂಕೈ ವಾ ಮಿಒಕುರಸೆತೆ ಇತದಕಿಮಸು' ಎಂಬ ಸಾಲು 'ಈ ಸಲಕ್ಕೆ ಬಿಡುತ್ತೇವೆ' ಎಂದು ಮೃದುವಾಗಿ ಕೇಳಿಸುತ್ತದೆ. ಅದು ನಿರಾಕರಣೆಯೇ. ಉದ್ಯೋಗದ ಅರ್ಜಿಗೆ ಈ ಉತ್ತರ ಬಂದರೆ ಬೇರೆ ಕಡೆ ಹುಡುಕಿ.

ಕೊನೆ ಗಳಿಗೆಯಲ್ಲಿ ಕೈಕೊಡುವುದು 'ದೊತಾಕ್ಯಾನ್'. ಸ್ನೇಹಿತರ ನಡುವೆ ಸರಿ, ಮೇಲಧಿಕಾರಿಗೆ ಈ ಪದ ಬೇಡ. ಅವರಿಗೆ 'ಕ್ಯೂಯೋ ಗಾ ದೆಕಿಮಾಶಿತೆ' ಎಂದು ತುರ್ತು ಕೆಲಸ ಬಂದದ್ದನ್ನು ತಿಳಿಸಿ, 'ಮೋಶಿವಾಕೆ ಅರಿಮಾಸೆನ್' ಎಂದು ಕ್ಷಮೆ ಕೇಳಿ, ಆ ಮಾತಿನಲ್ಲೇ ಬೇರೆ ಎರಡು ದಿನಗಳನ್ನು ನೀವೇ ಸೂಚಿಸಿ.