ದೋಟಿ ಹಿಡಿಯುವವರ ಕುತ್ತಿಗೆ ನೋವು: ಎದೆಯಿಂದ ಶುರು ಮಾಡಿ ಗೆದ್ದ ನನ್ನ ಅನುಭವ

ನೆಲದ ಮೇಲೆ ನಿಂತೇ ಗೊನೆ ಕೊಯ್ಯುವ, ಔಷಧಿ ಹೊಡೆಯುವ ಉದ್ದ ಕೋಲು, ಅದೇ ಫೈಬರ್ ದೋಟಿ, ಮಲೆನಾಡಿನ ಅಡಿಕೆ ತೋಟಗಳಿಗೆ ಬಂದ ಮೇಲೆ ನನ್ನ ಮಾಲೀಸಿನ ಟೇಬಲ್ ಮೇಲೆ ಮಲಗುವವರೇ ಬದಲಾದರು. ಮೊದಲು ಬರುತ್ತಿದ್ದವರು ಮರ ಹತ್ತುವ ಕೊನೆಗಾರರು. ಅವರದು ಮೀನಖಂಡ, ಪಾದ, ಸೊಂಟದ ತಾಪತ್ರಯ. ಈಗ ಬರುವವರು ನೆಲದ ಮೇಲೆ ನಿಂತು ದಿನವಿಡೀ ಮೇಲೆ ನೋಡುವವರು. ಐವತ್ತು ಅರವತ್ತು ಅಡಿಯ ಮರ, ಕೈಯಲ್ಲಿ ಐದಾರು ಕಿಲೋ ದೋಟಿ, ಉದ್ದ ಬಿಟ್ಟಷ್ಟೂ ತೂಗಾಡುವ ತುದಿ. ಮಳೆಗೆ ಮುಂಚೆ ಕೊಳೆ ರೋಗಕ್ಕೆ ಔಷಧಿ ಅಂತ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯಬೇಕು, ನಲವತ್ತು ನಲವತ್ತೈದು ದಿನಕ್ಕೆ ಮತ್ತೊಂದು ಸಲ, ಆಮೇಲೆ ಕೊಯ್ಲು. ವರ್ಷದಲ್ಲಿ ಐದಾರು ತಿಂಗಳು ಕತ್ತು ಹಿಂದಕ್ಕೆ, ಕೈ ಮೇಲಕ್ಕೆ.

ಇವರೆಲ್ಲ ತೋರಿಸುವ ಜಾಗ ಒಂದೇ. ಹೆಗಲೆಲುಬಿನ ಒಳಮೂಲೆ, ಅಲ್ಲಿಂದ ಹೆಕ್ಕತ್ತಿನವರೆಗೆ. ಮಾಲೀಸು ಮಾಡುವ ನಾವು ಯಾರೇ ಆದರೂ ಮೊದಲು ಕೈ ಹಾಕುವುದು ಅಲ್ಲಿಗೇ, ಅಲ್ವಾ? ನಾನೂ ಎರಡು ಸೀಸನ್ ಅಲ್ಲೇ ಒತ್ತಿದೆ. ಹೆಗಲ ಮೇಲಿನ ದೊಡ್ಡ ಸ್ನಾಯು ಟ್ರೆಪೀಜಿಯಸ್‌ಗೆ ಮೊಣಕೈ, ಕತ್ತಿನಿಂದ ಹೆಗಲೆಲುಬಿಗೆ ಇಳಿಯುವ ಲೆವೇಟರ್ ಸ್ಕ್ಯಾಪುಲಾ ಸ್ನಾಯುವಿಗೆ ಹೆಬ್ಬೆರಳು, ಮೇಲೆ ಬಿಸಿ ಎಣ್ಣೆ. ಟೇಬಲ್‌ನಿಂದ ಏಳುವಾಗ ಎಲ್ಲರೂ ಖುಷಿ. ಮರುದಿನ ಮಧ್ಯಾಹ್ನಕ್ಕೆ ಅದೇ ನೋವು. ಗಟ್ಟಿ ಒತ್ತಿದಷ್ಟೂ ಮರುದಿನ ಕೈ ಎತ್ತುವುದು ಕಷ್ಟ ಆಗುತ್ತಿತ್ತು. ದಿನಕ್ಕೆ ಸಾವಿರಕ್ಕೂ ಜಾಸ್ತಿ ದುಡಿಯುವ ಮನುಷ್ಯ ಒಂದು ದಿನ ಮನೆಯಲ್ಲಿ ಕೂತರೆ ನಷ್ಟ ನನ್ನ ಫೀಸಿನ ಎಷ್ಟೋ ಪಟ್ಟು. ಅವನು ಮತ್ತೆ ಯಾಕೆ ಬರುತ್ತಾನೆ? ಬಟ್ಟಲು ಅಂಟಿಸಿ ಚರ್ಮ ಎಳೆಯುವ ಕಪ್ಪಿಂಗ್ ಮಾಡಿದೆ. ಲಕ್ಕಿ ಸೊಪ್ಪು, ಹುಣಸೆ ಎಲೆ ಹುರಿದು ಗಂಟು ಕಟ್ಟಿ ಶಾಖ ಕೊಟ್ಟೆ. ಶಾಖ ಹಿತವಾಗಿತ್ತು, ನಿದ್ದೆ ಚೆನ್ನಾಗಿ ಬರುತ್ತಿತ್ತು. ಆದರೆ ದೋಟಿ ಹಿಡಿದ ಎರಡನೇ ಗಂಟೆಗೆ ನೋವು ವಾಪಸ್. ಆ ವರ್ಷ ಎಣ್ಣೆ, ಬಾಡಿಗೆ, ಟವೆಲ್ ತೊಳೆಯುವ ಖರ್ಚು ಕಳೆದು ಕೈಯಲ್ಲಿ ಉಳಿದದ್ದು ತಿಂಗಳಿಗೆ ಆರೇಳು ಸಾವಿರ ಇರಬಹುದು.

ದಾರಿ ಸಿಕ್ಕಿದ್ದು ತೋಟಕ್ಕೆ ಹೋಗಿ ನಿಂತು ನೋಡಿದಾಗ. ದೋಟಿ ಹಿಡಿದವನ ಹೆಗಲು ಮುಂದಕ್ಕೆ ಬಾಗಿರುತ್ತದೆ, ಮುಂಗೈ ಬಿಗಿದಿರುತ್ತದೆ. ಮುಂದೆ ಎದೆಯ ಒಳಸ್ನಾಯು ಪೆಕ್ ಮೈನರ್ ಹೆಗಲೆಲುಬನ್ನು ಎಳೆದು ಹಿಡಿದಿದ್ದರೆ ಹಿಂದಿನ ಲೆವೇಟರ್ ಪಾಪ ಏನು ಮಾಡುತ್ತದೆ? ಎಳೆತಕ್ಕೆ ಎದುರಾಗಿ ದಿನವಿಡೀ ಬಿಗಿದುಕೊಂಡೇ ಇರುತ್ತದೆ. ಅದನ್ನೇ ಒತ್ತಿ ಸಡಿಲ ಮಾಡಿದರೆ ಮರುದಿನ ಅದಕ್ಕೆ ಇನ್ನೂ ಕಷ್ಟ.

ಹಾಗಾಗಿ ಕ್ರಮ ತಿರುಗಿಸಿದೆ. ಈಗ ಬೋರಲು ಮಲಗಿಸುವುದೇ ಇಲ್ಲ. ಅಂಗಾತ ಮಲಗಿಸಿ ಮೊದಲು ಮುಂಗೈ, ಎಣ್ಣೆ ಇಲ್ಲದೆ, ಐದು ನಿಮಿಷ. ಆಮೇಲೆ ಪೆಕ್ ಮೈನರ್. ಅದಕ್ಕೆ ಬೆರಳನ್ನು ಯಾವ ಕೋನದಲ್ಲಿ ಒಳಗೆ ಬಿಡುತ್ತೇನೆ, ಆಗ ಅವನ ಮೊಣಕೈಯನ್ನು ಎಲ್ಲಿ ಇಡಿಸುತ್ತೇನೆ ಅನ್ನುವುದು ನನ್ನ ಕೈಗುಟ್ಟು. ಎದುರು ಬಂದು ಕೂತವರಿಗೆ ತೋರಿಸುತ್ತೇನೆ, ಬರೆಯುವುದಿಲ್ಲ. ನಂತರ ಎಸ್‌ಸಿಎಂ. ಅದು ಕಿವಿ ಹಿಂದಿನಿಂದ ಎದೆಮೂಳೆಗೆ ಇಳಿಯುವ ಕೊರಳ ಸ್ನಾಯು, ಅದನ್ನು ಚಿಮಟದ ಹಾಗೆ ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ ಹಿಡಿಯುವುದಷ್ಟೇ. ಕೊರಳಿನ ನಾಡಿ ಬೆರಳಿಗೆ ಬಡಿದರೆ ತಕ್ಷಣ ಬಿಡಬೇಕು. ವಯಸ್ಸಾದವರಿಗೆ, ಬಿಪಿ ಇರುವವರಿಗೆ ನಾನು ಅದನ್ನು ಮುಟ್ಟುವುದೇ ಇಲ್ಲ. ಕೊನೆಗೆ ತಲೆಬುರುಡೆ ಕೆಳಗೆ ಬೆರಳು ಕೊಟ್ಟು ತಲೆಯ ಭಾರ ತಾನಾಗಿ ಇಳಿಯುವವರೆಗೆ ಎರಡು ಮೂರು ನಿಮಿಷ ಸುಮ್ನೆ ಕೂರುತ್ತೇನೆ. ನೋವಿನ ಜಾಗಕ್ಕೆ ಕೈ ಹೋಗುವುದು ಎಲ್ಲ ಮುಗಿದ ಮೇಲೆ, ಅದೂ ಸ್ವಲ್ಪ ಎಣ್ಣೆ ಸವರುವಷ್ಟು. ಕೇರಳದ ನೋವಿನೆಣ್ಣೆ ಮುರಿವೆಣ್ಣ ಮತ್ತು ಎಳ್ಳೆಣ್ಣೆ ಸೇರಿಸುತ್ತೇನೆ. ಅಳತೆ ನನ್ನದೇ, ಇನ್ನೊಂದು ವಸ್ತುವೂ ಸೇರುತ್ತದೆ.

ಒಟ್ಟು ಇಪ್ಪತ್ತು ಇಪ್ಪತ್ತೈದು ನಿಮಿಷ. ವಾರಕ್ಕೆ ಮೂರು ಸಲ. ಗಂಟೆಗಟ್ಟಲೆ ಉಜ್ಜುವುದಕ್ಕಿಂತ ಇದು ಎಷ್ಟೋ ವಾಸಿ.

ಯಾರೂ ನಂಬಲಿಲ್ಲ. ಗರಡಿಯಲ್ಲಿ ನನಗೆ ಮಾಲೀಸು ಕಲಿಸಿದ ಹಿರಿಯರು, 'ಬೆವರು ಬಾರದ ಮಾಲೀಸು ಮಾಲೀಸೇ ಅಲ್ಲ' ಎಂದರು. ಒಬ್ಬ ತೋಟದ ಯಜಮಾನರಂತೂ, 'ನೋವು ಬೆನ್ನಲ್ಲಿ, ನೀನು ಎದೆ ತಿಕ್ಕುತ್ತೀಯ, ಇದಕ್ಕೆ ನಾನು ದುಡ್ಡು ಕೊಡಬೇಕಾ?' ಎಂದು ಎದುರಿಗೇ ಕೇಳಿದರು. ಅವರ ತೋಟದ ಇಬ್ಬರಿಗೆ ದುಡ್ಡಿಲ್ಲದೆ ಮಾಡಿದೆ. ಎರಡು ವಾರದೊಳಗೆ ಇಬ್ಬರೂ ಪೂರ್ತಿ ದಿನ ದೋಟಿ ಹಿಡಿದರು. ಈಗ ಆ ಯಜಮಾನರೇ ಸೀಸನ್ ಶುರುವಾಗುವ ಮುಂಚೆ ಫೋನ್ ಮಾಡುತ್ತಾರೆ. ನನ್ನ ಲೆಕ್ಕದಲ್ಲಿ ಹತ್ತರಲ್ಲಿ ಏಳೆಂಟು ಜನಕ್ಕೆ ಇದು ಹಿಡಿಸಿದೆ. ನಮ್ಮ ಕಡೆ ಇಷ್ಟು ದೋಟಿಯವರ ಕತ್ತು ನೋಡಿದ ಕೈ ಇನ್ನೊಂದಿಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ.

ಮಧ್ಯದಲ್ಲಿ ಒಂದು ಪ್ರಯೋಗ ಮಾಡಿದೆ. ಬಂಡೆ ಹತ್ತುವವರ ಹಗ್ಗ ಹಿಡಿದು ಕೆಳಗೆ ನಿಲ್ಲುವವರು ಪ್ರಿಸಂ ಇರುವ ಕನ್ನಡಕ ಹಾಕುತ್ತಾರೆ. ಕತ್ತು ಎತ್ತದೆ ಮೇಲಿನದು ಕಾಣುತ್ತದೆ. ಆನ್‌ಲೈನ್‌ನಲ್ಲಿ ಎರಡು ಸಾವಿರದ ಹತ್ತಿರ ಕೊಟ್ಟು ತರಿಸಿದೆ. ಔಷಧಿ ಹೊಡೆಯುವಾಗ ಬೋರ್ಡೋ ಹನಿ ಬಿದ್ದು ಗಾಜು ನೀಲಿ. ಕೊಯ್ಲಿನಲ್ಲಿ ಒಬ್ಬ ಹುಡುಗ ಹಾಕಿ ನೋಡಿದ. ಗೊನೆ ಕಾಣುತ್ತದೆ, ಆದರೆ ಕತ್ತಿ ಯಾವ ದೂರದಲ್ಲಿದೆ ಅಂತ ಅಂದಾಜು ಸಿಗುವುದಿಲ್ಲ, ಕಾಲ ಕೆಳಗಿನ ಕಪ್ಪು (ಮರದ ಸಾಲಿನ ನಡುವಿನ ಬಸಿಗಾಲುವೆ) ಕಾಣುವುದಿಲ್ಲ. ತೋಟದ ಕಪ್ಪಿಗೆ ಕಾಲು ಹಾಕಿದರೆ ಕಥೆ ಮುಗಿಯಿತು. ಕೈಬಿಟ್ಟೆ. ಅದರ ಬದಲು ನಾಲ್ಕೈದು ಮರಕ್ಕೊಮ್ಮೆ ದೋಟಿ ಇಳಿಸಿ, ಗದ್ದ ಎದೆಗೆ ತಾಗಿಸಿ, ನಿಧಾನವಾಗಿ ಮೂರು ಉಸಿರು ಎಳೆಯಲು ಹೇಳಿದೆ. ಖರ್ಚಿಲ್ಲದ ಇದೇ ಜಾಸ್ತಿ ಕೆಲಸ ಮಾಡಿತು. ಒಂದು ಟೆನಿಸ್ ಚೆಂಡನ್ನೂ ಕೊಟ್ಟು ಕಳಿಸುತ್ತೇನೆ. ರಾತ್ರಿ ಗೋಡೆಗೆ ಎದೆ ಕೊಟ್ಟು ನಿಂತು ಅದನ್ನು ಉರುಳಿಸಿಕೊಳ್ಳಬೇಕು.

ಇನ್ನೊಂದು ಮಾತು, ಪೂರ್ತಿ ರೆಸ್ಟ್ ಹೇಳಬೇಡಿ. ಹದಿನೈದು ದಿನ ಮಲಗಿ ಹೋದವನು ಮೊದಲ ದಿನವೇ ಮತ್ತೆ ಕತ್ತು ಹಿಡಿದುಕೊಂಡು ಬರುತ್ತಾನೆ. ಅರ್ಧ ದಿನ, ಗಿಡ್ಡ ಮರ, ಆಮೇಲೆ ಪೂರ್ತಿ ದಿನ. ಹಾಗೆ ಏರಿಸಿದವರೇ ನಿಂತಿದ್ದಾರೆ.

ಬೆರಳು ಜೋಮು ಹಿಡಿದರೆ, ಕೈಯಲ್ಲಿ ಬಲ ಇಲ್ಲದೆ ದೋಟಿ ಜಾರಿದರೆ, ನಡಿಗೆ ತಡವರಿಸಿದರೆ ನಾನು ಎಣ್ಣೆ ಬಾಟಲಿ ತೆಗೆಯುವುದೇ ಇಲ್ಲ. ಅದು ನರದ ವಿಷಯ, ಸೀದಾ ಡಾಕ್ಟರ ಹತ್ತಿರ. ಜಾರಿ ಬಿದ್ದು ಬಂದವರಿಗೂ ಅಷ್ಟೇ, ಮೊದಲು ಎಕ್ಸ್‌ರೇ.

ಫೀಸು ಮೊದಲು 150 ಇತ್ತು, ಈಗ 350. ಆರು ಸಲಕ್ಕೆ ಸೇರಿಸಿ 1,800. ಕೊಯ್ಲಿನ ತಿಂಗಳಲ್ಲಿ ಮಡಚುವ ಟೇಬಲ್ ಬೈಕಿಗೆ ಕಟ್ಟಿಕೊಂಡು ಸಂಜೆ ತೋಟದ ಅಂಗಳಕ್ಕೇ ಹೋಗುತ್ತೇನೆ. ನಾಲ್ಕು ಜನಕ್ಕಿಂತ ಕಡಿಮೆ ಇದ್ದರೆ ಪೆಟ್ರೋಲ್ ಹುಟ್ಟುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಯಜಮಾನರು ಅರ್ಧ ಕೊಡುತ್ತಾರೆ, ಕೆಲಸದವರು ಅರ್ಧ. ಅಡಿಕೆ ಸುಲಿಯುವ ಹೆಂಗಸರೂ ಈಗ ಕೇಳುತ್ತಿದ್ದಾರೆ. ಅವರದು ಹೆಬ್ಬೆರಳ ಬುಡ ಮತ್ತು ಮಣಿಕಟ್ಟು. ನನ್ನ ಹೆಂಡತಿ ಅವರ ಕೈ ನೋಡಲು ಶುರು ಮಾಡಿದ್ದಾಳೆ. ಅಲ್ಲೂ ಮಣಿಕಟ್ಟು ಬಿಟ್ಟು ಮೊಣಕೈ ಕೆಳಗಿನಿಂದ ಶುರು ಮಾಡು ಅಂದಿದ್ದೇನೆ. ಈ ಸುಲಿತ ಮುಗಿಯುವ ಹೊತ್ತಿಗೆ ಫಲ ಗೊತ್ತಾಗುತ್ತದೆ.