ಬೀದಿಗೆಲ್ಲ ಒಂದೇ ಕೊಪ್ಪರಿಗೆ: ದುಶಾಂಬೆಯಲ್ಲಿ ನಾವು ಮಾಡಿದ ಸುಮನಕ್

ಸುಮನಕ್ ಎಂಬ ಮೊಳಕೆ ಗೋಧಿಯ ಸಿಹಿ ತಿನಿಸನ್ನು ಒಂದು ಮನೆಯವರು ತಮಗಷ್ಟೇ ಮಾಡಿಕೊಂಡದ್ದನ್ನು ತಾಜಿಕಿಸ್ತಾನದ ರಾಜಧಾನಿ ದುಶಾಂಬೆಯಲ್ಲಿ ನಾನು ಕಂಡೇ ಇಲ್ಲ. ಮಾರ್ಚ್ 21ರ ಹೊಸ ವರ್ಷದ ಹಬ್ಬ ನವ್ರೂಜ್ ಹತ್ತಿರ ಬರುತ್ತಿದ್ದಂತೆ ನಮ್ಮ ಬೀದಿಯ ಹೆಂಗಸರು ಗೋಧಿ, ಹಿಟ್ಟು, ಎಣ್ಣೆ, ಸೌದೆಯನ್ನು ಹಂಚಿಕೊಂಡು ಹೊರುತ್ತಾರೆ. ಈ ಸಲ ಮೊಳಕೆ ಬರಿಸುವ ಕೆಲಸ ನನ್ನ ಪಾಲಿಗೆ ಬಂತು.

ನೆನೆದ ಗೋಧಿಯನ್ನು ಹಲಗೆಯ ಮೇಲೆ ತೆಳ್ಳಗೆ ಹರವಿ, ಒದ್ದೆ ಬಟ್ಟೆ ಹೊದಿಸಿ, ನೀರು ಚಿಮುಕಿಸುತ್ತಾ ಇದ್ದೆ. ಬಿಳಿ ಬೇರುಗಳು ಹೆಣೆದುಕೊಂಡು ಚಾಪೆಯಂತಾದಾಗ ತೆಗೆಯಬೇಕು. ಹಸಿರು ಚಿಗುರು ಮೂಡಿದರೆ ಸುಮನಕ್ ಕಹಿಯಾಗುತ್ತದೆ. ಮೊಳಕೆಯನ್ನು ಅರೆದು, ನೀರು ಬೆರೆಸಿ ಹಿಂಡಿ, ಸೋಸಿ ಹಾಲು ತೆಗೆದೆವು. ಎಣ್ಣೆ ಕಾದ ಕೊಪ್ಪರಿಗೆಗೆ ಆ ಹಾಲು, ಗೋಧಿ ಹಿಟ್ಟು ಬಿದ್ದವು. ಜೊತೆಗೆ ಚೆನ್ನಾಗಿ ತೊಳೆದ ನುಣುಪು ಕಲ್ಲುಗಳು: ಸೌಟು ಆಡಿದಂತೆ ತಳದಲ್ಲಿ ಉರುಳಿ ಹಿಟ್ಟು ಹತ್ತದಂತೆ ಕಾಯುತ್ತವೆ.

ಸಕ್ಕರೆ ಒಂದು ಚಿಟಿಕೆಯೂ ಇಲ್ಲ. ಮೊಳೆತ ಕಾಳಿನ ಅಮೈಲೇಸ್ ಕಿಣ್ವವೇ ಪಿಷ್ಟವನ್ನು ಸಿಹಿಯಾಗಿಸುತ್ತದೆ, ನಮ್ಮ ಮೊಳಕೆ ರಾಗಿ ಹುಡಿಯಲ್ಲಿ ಆಗುವಂತೆಯೇ. ಶುರುವಿನಲ್ಲೇ ಉರಿ ಜೋರಾದರೆ ಕಿಣ್ವ ಕೆಡುತ್ತದೆ. ಆದ್ದರಿಂದ ಮೊದಲ ಗಂಟೆಗಳ ಸಣ್ಣ ಉರಿಯ ವಿಷಯದಲ್ಲಿ ನಾನು ಯಾರ ಅವಸರಕ್ಕೂ ಒಪ್ಪಲಿಲ್ಲ. ರಾತ್ರಿಯಿಡೀ ಸರದಿಯಲ್ಲಿ ಕೈಯಾಡಿಸಿದೆವು. ಹಾಡು ನಿಂತರೆ ಯಾರೋ ಮತ್ತೆ ಎತ್ತಿಕೊಳ್ಳುತ್ತಿದ್ದರು. ಬೆಳಗಿನ ಜಾವ ಅದು ಕಂದು ಬಣ್ಣಕ್ಕೆ ತಿರುಗಿತು. ಆಗ ಮುಚ್ಚಿಟ್ಟು, ಬೆಳಕು ಹರಿದ ಮೇಲೆ ಹಿರಿಯರು ಪ್ರಾರ್ಥನೆ ಮಾಡಿ ಮುಚ್ಚಳ ತೆಗೆದರು.

ಹಂಚುವುದಕ್ಕೂ ಜಾಣ್ಮೆ ಬೇಕು. ಹಾಸಿಗೆ ಹಿಡಿದಿರುವ ಅಜ್ಜಿಯ ಮನೆಗೆ ಮೊದಲ ಬಟ್ಟಲು, ಹೊಸದಾಗಿ ಬಂದ ಬಾಡಿಗೆಯವರಿಗೆ ಆಮೇಲಿನದು. ದೊಡ್ಡ ಕುಟುಂಬಕ್ಕೆ ತುಂಬಿದ ಪಾತ್ರೆಯೇ ಹೋಗಬೇಕು. ನಾವೆಲ್ಲ ಖೋಲಾ ಎಂದು ಕರೆಯುವ ಪಕ್ಕದ ಮನೆಯ ಹಿರಿಯಾಕೆಗೆ ಈ ಲೆಕ್ಕ ಬಾಯಿಪಾಠ. ಅವರು ಹೇಳಿದಂತೆ ಮಕ್ಕಳು ಬಟ್ಟಲು ಹೊತ್ತು ಓಡಿದರು. ಬಟ್ಟಲಲ್ಲಿ ಕಲ್ಲು ಸಿಕ್ಕವರು ಮನಸ್ಸಿನಲ್ಲೇ ಏನಾದರೂ ಬೇಡಿಕೊಳ್ಳುತ್ತಾರೆ.

ಖಾಲಿ ಬಟ್ಟಲನ್ನು ಹಿಂದಿರುಗಿಸುವ ರೂಢಿ ನಮ್ಮ ಬೀದಿಯಲ್ಲಿಲ್ಲ. ವಸಂತದ ಸೊಪ್ಪು ತುಂಬಿದ ಸಂಬೂಸಾ, ರೊಟ್ಟಿ, ಒಣದ್ರಾಕ್ಷಿ ಬಂದವು. ಬೇರೆ ಬೀದಿಗಳಿಂದ ನನ್ನ ಮನೆಗೂ ಸುಮನಕ್ ಬಂದಿತ್ತಲ್ಲ, ಆ ಬಟ್ಟಲುಗಳಿಗೆ ನಾನು ಹೋಳಿಗೆ ಇಟ್ಟೆ. ಇಲ್ಲಿ ಸುಲಭವಾಗಿ ಸಿಗುವ ಕಾಬೂಲಿ ಕಡಲೆಯನ್ನು ಬೇಯಿಸಿ, ಸಿಪ್ಪೆ ಸುಲಿದು, ಸಕ್ಕರೆ ಹಾಕಿ ಹೂರಣ ಕಟ್ಟಿದ್ದೆ. ಏಲಕ್ಕಿಯ ಘಮ ಖೋಲಾಗೆ ಬಹಳ ಹಿಡಿಸಿತು. ಯುಗಾದಿಗೆ ತಾವೇ ಕಡಲೆ ನೆನೆಸಿ ತರುವುದಾಗಿ ಹೇಳಿದ್ದಾರೆ.