ಕಲ್ಲು ನಿಂತ ಜಾಗವೂ ಶಾಸನವೇ

ಬೆಂಗಳೂರು ಜಿಲ್ಲೆಯ ಶಾಸನಗಳು ಒಟ್ಟಾಗಿ ಅಚ್ಚಾದದ್ದು 1905ರಲ್ಲಿ, ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನಮಾಲೆಯ ಒಂಬತ್ತನೆಯ ಸಂಪುಟವಾಗಿ. ಸಂಪಾದಕರು ಬಿ. ಎಲ್. ರೈಸ್. ಶಾಸನಗಳ ಪಾಠಕ್ಕಾಗಿ ಎಲ್ಲರೂ ಆ ಸಂಪುಟವನ್ನು ತೆರೆಯುತ್ತಾರೆ. ನಾನು ಅದರಲ್ಲಿ ಅತಿ ಹೆಚ್ಚು ಸಲ ಓದಿರುವುದು ಪ್ರತಿ ಪಾಠದ ಮೇಲೆ ಒಂದು ಸಾಲಿನಲ್ಲಿ ಕೊಟ್ಟಿರುವ ಸ್ಥಳಸೂಚನೆಯನ್ನು. ಇಂಥ ಊರಿನ ಗುಡಿಯ ಮುಂದೆ ನೆಟ್ಟ ಕಲ್ಲು, ಅದೇ ಊರಿನ ಕೆರೆಯ ತೂಬಿನ ಬಳಿ, ಊರ ಪೂರ್ವಕ್ಕಿರುವ ಹೊಲದಲ್ಲಿ, ಹೀಗೆ. ಅಧ್ಯಾಪಕನಾಗಿದ್ದಾಗಲೂ ನಿವೃತ್ತನಾದ ಮೇಲೂ ನಾನು ಮಾಡಿಕೊಂಡು ಬಂದಿರುವ ಕೆಲಸವೆಲ್ಲ ಆ ಒಂದು ಸಾಲಿನಿಂದ ಹೊರಟದ್ದು.

ರೈಸ್ ಹುಟ್ಟಿದ್ದು ಬೆಂಗಳೂರಿನಲ್ಲೇ, 1837ರಲ್ಲಿ. ತಂದೆ ಮಿಷನರಿ. ಇಂಗ್ಲೆಂಡಿನಲ್ಲಿ ಓದಿ ಬಂದು ಇಲ್ಲಿ ಶಾಲೆ ನಡೆಸಿದರು, ಶಿಕ್ಷಣ ಇಲಾಖೆಯಲ್ಲಿ ದುಡಿದರು. ಶಾಲೆಗಳ ತನಿಖೆಗೆಂದು ಹಳ್ಳಿ ಸುತ್ತುವಾಗ ಕಣ್ಣಿಗೆ ಬಿದ್ದ ಬರಹದ ಕಲ್ಲುಗಳೇ ಅವರ ಬದುಕಿನ ದಾರಿಯನ್ನು ತಿರುಗಿಸಿದವು. ಆಗ ಅವರಿಗೆ ಅದು ಸಂಬಳದ ಕೆಲಸವೂ ಆಗಿರಲಿಲ್ಲ. ಮುಂದೆ ಮೈಸೂರು ಸಂಸ್ಥಾನ ಪುರಾತತ್ತ್ವ ಇಲಾಖೆಯನ್ನು ತೆರೆದು ಅವರ ಕೈಗೆ ಕೊಟ್ಟಿತು. 1892ರಲ್ಲಿ ಚಿತ್ರದುರ್ಗದ ಕಡೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟಗಳಲ್ಲಿ ಅಶೋಕನ ಶಾಸನಗಳನ್ನು ಬೆಳಕಿಗೆ ತಂದವರು ಅವರೇ. 1906ರಲ್ಲಿ ನಿವೃತ್ತರಾಗುವ ಹೊತ್ತಿಗೆ ಹನ್ನೆರಡು ಸಂಪುಟಗಳು, ಸುಮಾರು ಒಂಬತ್ತು ಸಾವಿರ ಶಾಸನಗಳು. ಒಬ್ಬ ಮನುಷ್ಯನ ವೃತ್ತಿಜೀವನದಲ್ಲಿ ಇಷ್ಟು ಕೆಲಸ ಹೇಗೆ ಹಿಡಿಯಿತು ಎಂದು ಈಗಲೂ ನನಗೆ ಬೆರಗಾಗುತ್ತದೆ. ಅವರ ಜೊತೆ ಊರೂರು ತಿರುಗಿ ಪ್ರತಿ ಮಾಡಿಕೊಂಡ ಪಂಡಿತರನ್ನೂ ಇಲ್ಲಿ ನೆನೆಯಬೇಕು. ರೈಸರ ಹಿಂದೆಯೇ ಆ ಇಲಾಖೆಯ ಹೊಣೆ ಹೊತ್ತ ಆರ್. ನರಸಿಂಹಾಚಾರ್ಯರು ಅವರ ಪಟ್ಟಿಯಲ್ಲಿಲ್ಲದ ನೂರಾರು ಕಲ್ಲುಗಳನ್ನು ಹುಡುಕಿದರು. ಬೆಂಗಳೂರಿನ ಹೆಸರು ಕೆತ್ತಿರುವ, ಬೇಗೂರಿನ ‘ಬೆಂಗುಳೂರ ಕಾಳೆಗ’ದ ಶಾಸನ ನಮಗೆ ದೊರೆತದ್ದು ಅವರಿಂದ.

ನಾನು ಕಾಲೇಜಿನಲ್ಲಿ ಗಂಗರು, ಚೋಳರು, ಹೊಯ್ಸಳರು ಎಂದು ಪಾಠ ಮಾಡುತ್ತಿದ್ದೆ. ಮಕ್ಕಳು ಸರ್ಜಾಪುರ, ಕೆಂಗೇರಿ, ದೇವನಹಳ್ಳಿ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದವರು. ಒಂದು ವರ್ಷ ತರಗತಿಯಲ್ಲಿ ರಾಜರ ಹೆಸರುಗಳನ್ನು ಬದಿಗಿಟ್ಟು ಒಂಬತ್ತನೆಯ ಸಂಪುಟದ ಊರುಗಳ ಪಟ್ಟಿಯನ್ನು ಓದಿದೆ. ತಮ್ಮ ತಮ್ಮ ಊರಿನ ಹೆಸರು ಬಂದಾಗ ಮಕ್ಕಳ ಮುಖದಲ್ಲಿ ಕಂಡ ಚುರುಕು ಅದುವರೆಗೆ ಯಾವ ಪಾಠಕ್ಕೂ ಕಂಡಿರಲಿಲ್ಲ. ‘ಆ ಕಲ್ಲು ಈಗಲೂ ಇದೆಯೇ, ಸಾರ್?’ ಎಂದು ಒಬ್ಬಳು ಕೇಳಿದಳು. ಉತ್ತರ ಹೇಳಬೇಕಾದರೆ ಹೋಗಿ ನೋಡಬೇಕಿತ್ತು. ನೋಡಿ ಓದಬೇಕಾದರೆ ಹಳೆಯ ಲಿಪಿ ಗೊತ್ತಿರಬೇಕಿತ್ತು. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿನ ಶಾಸನಶಾಸ್ತ್ರದ ತರಗತಿಗೆ ಸೇರಿದೆ.

ಕಲ್ಲನ್ನು ಹುಡುಕುವ ಕೆಲಸ ಮನೆಯಲ್ಲೇ ಶುರುವಾಗುತ್ತದೆ. ಮೊದಲು ಸಂಪುಟದ ಊರಿನ ಹೆಸರನ್ನು ಇಂದಿನ ಬಡಾವಣೆಯ ಹೆಸರಿಗೆ ಹೊಂದಿಸಬೇಕು. ಆಮೇಲೆ ಕಂದಾಯ ಇಲಾಖೆಯ ಗ್ರಾಮ ನಕಾಶೆ. ನಗರ ಎಷ್ಟೇ ಬೆಳೆದರೂ ಈ ನಕಾಶೆಯಲ್ಲಿ ಕೆರೆ, ರಾಜಕಾಲುವೆ, ಗುಂಡುತೋಪು, ಗೋಮಾಳ, ಗ್ರಾಮಠಾಣ ಎಲ್ಲ ತಮ್ಮ ತಮ್ಮ ಸ್ಥಾನದಲ್ಲೇ ಇರುತ್ತವೆ. ಈಗ ಮೊಬೈಲಿನಲ್ಲಿ ದಿಶಾಂಕ್ ಎಂಬ ಸರ್ಕಾರಿ ನಕಾಶೆಯ ಆ್ಯಪ್ ತೆರೆದರೆ ನಿಂತ ನೆಲದ ಸರ್ವೆ ನಂಬರು ಸಿಗುತ್ತದೆ. ಮೊದಲು ಅದೇ ಮಾಹಿತಿಗೆ ತಾಲ್ಲೂಕು ಕಚೇರಿಯ ಬಾಗಿಲಲ್ಲಿ ಕಾಯಬೇಕಾಗಿತ್ತು. ‘ಕೆರೆಯ ತೂಬಿನ ಬಳಿ’ ಎಂದು ರೈಸ್ ಬರೆದಿದ್ದು ಆ ಕೆರೆಯೇ ಈಗ ಇಲ್ಲದಿದ್ದರೆ ಏರಿಯನ್ನು ಹುಡುಕಬೇಕು. ಕೆರೆ ಹೋದರೂ ಏರಿ ಸುಲಭವಾಗಿ ಹೋಗುವುದಿಲ್ಲ, ರಸ್ತೆಯಾಗಿ ಉಳಿದುಕೊಳ್ಳುತ್ತದೆ. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಬಂದರೂ ಟ್ಯಾಂಕ್ ಬಂಡ್ ರಸ್ತೆ ಅಲ್ಲೇ ಇದೆಯಲ್ಲ. ಸುತ್ತಲಿಗಿಂತ ಎತ್ತರಕ್ಕೆ ನಿಂತು ನಿಧಾನವಾಗಿ ಬಾಗುವ ರಸ್ತೆ ಕಂಡರೆ ನಾನು ಅದರ ಎರಡೂ ತುದಿಗೆ ನಡೆದು ನೋಡುತ್ತೇನೆ. ಒಂದು ತುದಿಯಲ್ಲಿ ಕೋಡಿ ಇರಬೇಕು. ತಗ್ಗಿನ ಕಡೆ ತೂಬಿನ ಕಲ್ಲುಗಳು ಇರಬಹುದು.

ಊರಿಗೆ ಹೋಗಿ ಶಾಸನ ಎಲ್ಲಿದೆ ಎಂದು ಕೇಳಿದರೆ ಬಹಳ ಸಲ ಉತ್ತರ ಬರುವುದಿಲ್ಲ. ಬರಹದ ಕಲ್ಲು, ಅಕ್ಷರದ ಕಲ್ಲು ಎಂದರೆ ಸಿಗಬಹುದು. ಕಾದಿ ಸತ್ತವನ ನೆನಪಿಗೆ ನೆಟ್ಟ ವೀರಗಲ್ಲನ್ನು ಒಂದೂರಿನಲ್ಲಿ ವೀರಭದ್ರ ಎನ್ನುತ್ತಾರೆ, ಇನ್ನೊಂದೂರಿನಲ್ಲಿ ಬೇಟೆರಾಯ ಎನ್ನುತ್ತಾರೆ. ಸತಿಯಾದವಳ ನೆನಪಿನ ಮಾಸ್ತಿಕಲ್ಲು ಮಾಸ್ತಮ್ಮನಾಗಿ ಪೂಜೆ ಪಡೆಯುತ್ತಿರುತ್ತದೆ. ಕೇಳುವುದಾದರೆ ನೀರುಗಂಟಿಯ ಮನೆಯವರನ್ನು, ತೋಟಿ ತಳವಾರರ ಮನೆಯ ಹಿರಿಯರನ್ನು ಕೇಳಬೇಕು. ಕೆರೆಯ ನೀರು ಬಿಡುವುದು, ಎಲ್ಲೆ ಕಾಯುವುದು ಅವರ ಪಾಲಿನ ಕೆಲಸವಾಗಿತ್ತು. ಗದ್ದೆ ಮಾರಾಟವಾಗಿ ದಶಕಗಳಾಗಿದ್ದರೂ ಯಾವ ಕಲ್ಲು ಎಲ್ಲಿಂದ ಎಲ್ಲಿಗೆ ಉರುಳಿತು ಎಂಬುದು ಅವರಿಗೆ ನೆನಪಿರುತ್ತದೆ. ಇಂಥ ನೆನಪನ್ನು ನಾನು ಹೇಳಿದವರ ಮಾತಿನಲ್ಲೇ ಬರೆದುಕೊಳ್ಳುತ್ತೇನೆ. ರೈಸರ ಸ್ಥಳಸೂಚನೆಯ ಮುಂದಿನ ಸಾಲು ಅದೇ.

ಕಲ್ಲು ಸಿಕ್ಕ ಮೇಲೆ ಅದನ್ನು ಮುಟ್ಟುವ ಮೊದಲು ಪೂಜೆ ಮಾಡುವವರ ಒಪ್ಪಿಗೆ ಬೇಕು. ತೊಳೆಯಲು ನೀರು, ಮೆತ್ತನೆಯ ನಾರಿನ ಕುಂಚ, ತಾಳ್ಮೆ, ಇಷ್ಟು ಸಾಕು. ತಂತಿಯ ಬ್ರಷ್ಷಾಗಲಿ ಆಸಿಡ್ಡಾಗಲಿ ಹತ್ತಿರ ಸುಳಿಯಕೂಡದು. ಮರಳು ಚಿಮ್ಮಿಸುವ ಯಂತ್ರದಿಂದ ಗುಡಿಯ ಗೋಡೆಗಳನ್ನು ಹೊಳೆಯಿಸುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ, ಏಕೆಂದರೆ ಹೊಳೆಯುವ ಹೊತ್ತಿಗೆ ಉಳಿಯ ಗುರುತೂ ಅಕ್ಷರದ ಅಂಚೂ ಹೋಗಿರುತ್ತವೆ. ಹಳೆಯ ಗಾರೆಯ ಸಂದಿಗೆ ಸಿಮೆಂಟು ತುಂಬುವುದೂ ಹಾಗೆಯೇ. ಸುಣ್ಣದ ಗಾರೆಯಲ್ಲಿ ತೇವ ಒಳಗೆ ಬಂದಂತೆ ಹೊರಗೂ ಹೋಗುತ್ತದೆ. ಸಿಮೆಂಟು ಅದನ್ನು ಒಳಗೇ ಕೂಡಿಹಾಕುತ್ತದೆ, ಗೋಡೆ ಒಳಗಿನಿಂದ ಹಾಳಾಗುತ್ತದೆ.

ಇನ್ನು ಪಡಿಯಚ್ಚು. ತೊಳೆದ ಕಲ್ಲಿನ ಮೇಲೆ ಒದ್ದೆ ಕಾಗದವನ್ನು ಹರಡಿ ಗಡಸು ಕುಂಚದಿಂದ ಮೇಲಿಂದ ಮೇಲೆ ತಟ್ಟುತ್ತೇವೆ. ಕಾಗದ ಅಕ್ಷರದ ಕುಳಿಗೆ ಇಳಿಯಬೇಕು, ಹರಿಯಬಾರದು. ಅರೆ ಒಣಗಿದಾಗ ಬಟ್ಟೆಯ ಉಂಡೆಗೆ ಮಸಿ ಅದ್ದಿ ಹಗುರವಾಗಿ ಒತ್ತಿದರೆ ನೆಲ ಕಪ್ಪಾಗಿ ಅಕ್ಷರ ಬೆಳ್ಳಗೆ ನಿಲ್ಲುತ್ತದೆ. ತೇವ ಹೆಚ್ಚಾದರೆ ಮಸಿ ಕುಳಿಗೆ ಹರಿಯುತ್ತದೆ. ಒಣಗಿದ್ದು ಹೆಚ್ಚಾದರೆ ಗಾಳಿಗೆ ಕಾಗದವೇ ಏಳುತ್ತದೆ. ಬೆಂಗಳೂರಿನ ಕಲ್ಲು ದಪ್ಪ ಕಣದ್ದು, ಅದರ ಸಹಜವಾದ ಗುಳಿಗಳು ಅನುಸ್ವಾರದಂತೆ, ಎಷ್ಟೋ ಸಲ ಕೊಂಬಿನಂತೆ ಕಾಣುತ್ತವೆ. ಆದ್ದರಿಂದ ಅಚ್ಚು ತೆಗೆದ ಮೇಲೂ ಇಳಿಬಿಸಿಲಿನಲ್ಲಿ ಒಮ್ಮೆ, ಕತ್ತಲಾದ ಮೇಲೆ ಪಕ್ಕದಿಂದ ಟಾರ್ಚು ಹಿಡಿದು ಇನ್ನೊಮ್ಮೆ ಕಲ್ಲನ್ನೇ ಓದಬೇಕು. 2021ರಿಂದ ಬೆಂಗಳೂರಿನ ಇತಿಹಾಸ ಸಂಸ್ಥೆಯಾದ ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಕಂಪ್ಯೂಟರಿನಲ್ಲಿ ಬೆಳಕನ್ನು ಯಾವ ದಿಕ್ಕಿಗೆ ಬೇಕಾದರೂ ತಿರುಗಿಸಿ ಓದಬಹುದು. ಸವೆದ ಅಕ್ಷರಗಳು ಅದರಲ್ಲಿ ಎದ್ದು ನಿಲ್ಲುವುದನ್ನು ಕಂಡಾಗ ನನಗಾದ ಸಂತೋಷ ದೊಡ್ಡದು. ಕಾಗದದ ಅಚ್ಚಿಗಾಗಿ ಕಲ್ಲಿಗೆ ಪದೇ ಪದೇ ಏಟು ಕೊಡಬೇಕಾದ ಪ್ರಸಂಗವೂ ತಪ್ಪಿತು.

ಕಲ್ಲು ನಿಂತ ಜಾಗ ಏಕೆ ಮುಖ್ಯ ಎಂಬುದನ್ನು ನನಗೆ ಕಲಿಸಿದ್ದು ಬೇಗೂರು. ಅಲ್ಲಿನ ಒಂದು ದೊಡ್ಡ ವೀರಗಲ್ಲು ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆನೆ, ಕುದುರೆ, ಕಾಲಾಳುಗಳು ಕಿಕ್ಕಿರಿದ ಯುದ್ಧದ ಕೆತ್ತನೆ. ಗಂಗರ ಕಾಲದ ನಾಗತ್ತರ ಎಂಬ ವೀರ ಕಾಳಗದಲ್ಲಿ ಮಡಿದುದು, ಆಮೇಲೆ ಇರುಗ ಎಂಬವನಿಗೆ ನಾಗತ್ತರ ಪಟ್ಟವನ್ನು ಕಟ್ಟಿ ಬೆಂಪೂರು ಹನ್ನೆರಡನ್ನು, ಅಂದರೆ ಬೇಗೂರು ಸುತ್ತಿನ ಹನ್ನೆರಡು ಊರುಗಳನ್ನು, ಕೊಟ್ಟದ್ದು ಅದರ ಬರಹದಲ್ಲಿದೆ. ಅಲ್ಲಿ ಅದು ಕ್ಷೇಮವಾಗಿದೆ, ಅದಕ್ಕೆ ನಾನು ಕೃತಜ್ಞ. ಆದರೆ ನೋಡಲು ಬಂದವರು ಕೆತ್ತನೆಯನ್ನು ಮೆಚ್ಚಿ ಮುಂದಕ್ಕೆ ಹೋಗುತ್ತಾರೆ. ‘ಬೆಂಗುಳೂರ ಕಾಳೆಗ’ದ ಕಲ್ಲು ನಾಗೇಶ್ವರ ದೇವಾಲಯದ ಆವರಣದಲ್ಲೇ ಉಳಿಯಿತು. ಮಕ್ಕಳನ್ನು ಅದರ ಮುಂದೆ ನಿಲ್ಲಿಸಿ, ಕೆಂಪೇಗೌಡರು 1537ರಲ್ಲಿ ಪೇಟೆ ಕಟ್ಟುವುದಕ್ಕೆ ಆರು ಶತಮಾನಕ್ಕೂ ಮೊದಲೇ ಈ ಹೆಸರು ಇಲ್ಲಿ ಕೆತ್ತಿದೆ ಎಂದು ತೋರಿಸಿ, ಆ ಹನ್ನೆರಡು ಊರುಗಳ ನಾಡು ಇದೇ ಸುತ್ತಿನದು ಎಂದು ಕೈ ಚಾಚಿ ಹೇಳಿದರೆ ಬೇರೆ ವಿವರಣೆ ಬೇಕಾಗುವುದಿಲ್ಲ. ಕೆರೆಗೆ ಬಿಟ್ಟ ಗದ್ದೆಯ ಶಾಸನ ಆ ಕೆರೆಯ ಕೆಳಗೇ ಇರಬೇಕು. ಎಲ್ಲೆಕಲ್ಲು ಎಲ್ಲೆಯಲ್ಲೇ ಇರಬೇಕು. ಬೇರೆಡೆಗೆ ಒಯ್ದರೆ ‘ಈ ಕೆರೆ’, ‘ಈ ಊರು’ ಎಂದು ಕೆತ್ತಿದ ಮಾತಿಗೆ ಆಧಾರವೇ ಇರುವುದಿಲ್ಲ.

ನಗರದ ಅಂಚಿನ ಒಂದು ಊರಿನಲ್ಲಿ ಈ ಮಾತಿಗಾಗಿ ಬಹಳ ದಿನ ಹೋರಾಡಬೇಕಾಯಿತು. ರಸ್ತೆ ಅಗಲ ಮಾಡುವ ಗುರುತು ಒಂದು ಮಾಸ್ತಿಕಲ್ಲಿನ ಮೇಲೆ ಬಿದ್ದಿತ್ತು. ಎತ್ತಿದ ತೋಳು, ತೋಳಿನ ತುಂಬ ಬಳೆ, ಬೆರಳ ನಡುವೆ ನಿಂಬೆಹಣ್ಣು, ಪಕ್ಕದಲ್ಲಿ ಮೂರು ಸಾಲಿನ ಬರಹ. ಕಾಮಗಾರಿಯವರು ಕಲ್ಲನ್ನು ಲಾರಿಯಲ್ಲಿ ಬೇರೆಡೆಗೆ ಸಾಗಿಸಲು ಸಿದ್ಧರಾಗಿದ್ದರು. ಪ್ರತಿ ಮಂಗಳವಾರ ದೀಪ ಹಚ್ಚುತ್ತಿದ್ದ ಅಜ್ಜಿ ಕಲ್ಲಿನ ಮುಂದೆ ಕುಳಿತು, ‘ಮೇಷ್ಟ್ರೇ, ಇವಳು ಈ ಊರಿಗೆ ಸೊಸೆಯಾಗಿ ಬಂದವಳು. ಇವಳನ್ನು ಎಲ್ಲಿಗೆ ಕಳುಹಿಸುತ್ತೀರಿ?’ ಎಂದರು. ಕಲ್ಲಿನ ಬರಹದಲ್ಲಿ ಸತ್ತ ಗಂಡನ ಹೆಸರಿತ್ತು, ಅವಳ ಹೆಸರಿತ್ತು, ಊರಿನ ಹೆಸರೂ ಇತ್ತು. ಆ ಮೂರೂ ಹೆಸರುಗಳನ್ನು ನಾನು ಜೋರಾಗಿ ಓದಿದೆ. ಸುತ್ತ ನಿಂತಿದ್ದವರು ಇನ್ನೊಮ್ಮೆ ಓದಿ ಎಂದರು. ಸತಿಯಾದವಳ ಕಲ್ಲನ್ನು ಓದುವಾಗ ನನ್ನ ದನಿ ಪ್ರತಿ ಸಲವೂ ಕುಗ್ಗುತ್ತದೆ. ಅವಳಿಗೆ ಆದದ್ದನ್ನು ಹೊಗಳಲು ನನ್ನಿಂದಾಗದು. ಆದರೆ ಅವಳ ಹೆಸರು ಉಳಿದಿರುವುದು ಅದೊಂದೇ ಕಡೆ, ಅದನ್ನೂ ಕಳೆಯಬಾರದು.

ಅಂದಿನಿಂದ ಮಾತುಕತೆ ನಡೆಸಿದವರು ಊರಿನವರೇ. ಗ್ರಾಮ ನಕಾಶೆಯ ಮೇಲೆ ಕಲ್ಲಿನ ಸ್ಥಾನವನ್ನು ಗುರುತಿಸಿ, ಸಂಪುಟದ ಪುಟದ ಪ್ರತಿಯನ್ನು ಲಗತ್ತಿಸಿ, ತಹಶೀಲ್ದಾರರಿಗೂ ಪುರಾತತ್ತ್ವ ಇಲಾಖೆಗೂ ಮನವಿ ಕೊಟ್ಟೆವು. ರಸ್ತೆಯ ಗೆರೆ ಕೊಂಚ ಸರಿಯಿತು, ಕಲ್ಲು ಕೆಲವು ಹೆಜ್ಜೆ ಹಿಂದಕ್ಕೆ ಬಂದು ಅದೇ ಸರ್ವೆ ನಂಬರಿನಲ್ಲಿ ನಿಂತಿತು. ಮೊದಲು ನಿಂತಿದ್ದ ಜಾಗದ ಅಳತೆಯನ್ನೂ ದಾಖಲೆಯಲ್ಲಿ ಸೇರಿಸಿದ್ದೇವೆ.

ಪಕ್ಕಕ್ಕೊಂದು ಫಲಕ ಹಾಕುವುದು ಸುಲಭ, ಅದರಲ್ಲಿ ಏನು ಬರೆಯಬೇಕೆಂಬುದು ಕಷ್ಟ. ‘ಇದು ಇಂಥ ಶತಮಾನದ ಇಂಥ ರಾಜವಂಶದ ಶಾಸನ’ ಎಂದು ಬರೆದರೆ ಯಾರೂ ಎರಡನೆಯ ಸಲ ಓದುವುದಿಲ್ಲ. ಮೊದಲ ಸಾಲಿನಲ್ಲಿ ಯಾರು, ಏನು ಮಾಡಿದರು, ಎಲ್ಲಿ ಎಂಬುದು ಇಂದಿನ ಕನ್ನಡದಲ್ಲಿ ಬರಬೇಕು. ಅದರ ಕೆಳಗೆ ಮೂಲಪಾಠ, ಕಾಲ, ರಾಜನ ಹೆಸರು. ಹೆಬ್ಬಾಳದ ಕಿತ್ತಯ್ಯನ ಕಲ್ಲನ್ನು ನೋಡಿ. 2018ರಲ್ಲಿ ಬೆಳಕಿಗೆ ಬಂದ ಈ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು, ಬೆಂಗಳೂರಿನಲ್ಲಿ ಸಿಕ್ಕಿರುವ ಕನ್ನಡ ಶಾಸನಗಳಲ್ಲಿ ಅತಿ ಹಳೆಯದು. ಆದರೆ ಹೆಬ್ಬಾಳದ ಜನರ ಮನಸ್ಸಿಗೆ ಹಿಡಿದದ್ದು ಕಿತ್ತಯ್ಯ, ತಮ್ಮ ನೆಲದಲ್ಲೇ ಕಾದಿ ಸತ್ತ ಒಬ್ಬ ಮನುಷ್ಯ. ಆ ಕಲ್ಲಿಗೆ ಅಲ್ಲೇ ಮಂಟಪ ಬಂದದ್ದು ಆ ಪ್ರೀತಿಯಿಂದ.

ಕಾನೂನಿನ ಬಗ್ಗೆಯೂ ಹೇಳಬೇಕು. ರಾಜ್ಯದ ಸ್ಮಾರಕಗಳಿಗೆ 1961ರ ಕಾಯ್ದೆ ಇದೆ, ಕೇಂದ್ರದ್ದು 1958ರದು. ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ ನೂರು ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಟಿಪ್ಪುವಿನ ಅರಮನೆಗೆ, ಕೋಟೆಗೆ ಆ ರಕ್ಷಣೆ ಸಿಗುತ್ತದೆ. ಹೊಲದಲ್ಲಿ ನಿಂತ ವೀರಗಲ್ಲು ಸಾಮಾನ್ಯವಾಗಿ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಅದರ ಅಡಿಯಲ್ಲಿ ನಿಧಿ ಇದೆಯೆಂದು ಅಗೆಯುವವರೂ ಇದ್ದಾರೆ. ಹಾಗಾಗಿ ಒಂದೊಂದು ಕಲ್ಲಿಗೂ ನಾನು ಒಂದು ಕಡತ ಮಾಡುತ್ತೇನೆ. ಅದರಲ್ಲಿ ಸಂಪುಟದ ಸಂಖ್ಯೆ, ಸರ್ವೆ ನಂಬರು, ಅಕ್ಷಾಂಶ ರೇಖಾಂಶ, ನಾಲ್ಕು ದಿಕ್ಕಿನಿಂದ ತೆಗೆದ ಛಾಯಾಚಿತ್ರ, ಅಳತೆಕೋಲು ಇಟ್ಟು ತೆಗೆದ ಒಂದು ಚಿತ್ರ, ಪಾಠ, ಊರಿನ ಹಿರಿಯರ ಹೇಳಿಕೆ ಇರುತ್ತವೆ. ಒಂದು ಪ್ರತಿ ಊರಿನ ಶಾಲೆಗೆ, ಒಂದು ಇಲಾಖೆಗೆ. ಕಟ್ಟಡಗಳ ವಿಷಯದಲ್ಲೂ ನನ್ನ ಅಭಿಪ್ರಾಯ ಇದೇ. 1868ರ ಅಠಾರಾ ಕಚೇರಿಯನ್ನು (ಈಗಿನ ಹೈಕೋರ್ಟ್ ಕಟ್ಟಡ) ಕೆಡವುವ ಮಾತು 1980ರ ದಶಕದಲ್ಲಿ ಬಂದಾಗ ಅದರ ಪರವಾಗಿ ನಿಂತು ವಾದಿಸುವ ಜನರಿದ್ದರು, ಅದು ಉಳಿಯಿತು. ಲಾಲ್‌ಬಾಗಿನ ಕ್ರುಂಬಿಗಲ್ ಹಾಲ್‌ಗೆ ದುರಸ್ತಿ ಸಕಾಲಕ್ಕೆ ಬರಲಿಲ್ಲ, 2017ರಲ್ಲಿ ಅದು ಹೋಯಿತು.

ಸದ್ಯ ನಾನೂ ನನ್ನ ಹಳೆಯ ವಿದ್ಯಾರ್ಥಿಗಳೂ ಆನೇಕಲ್ ತಾಲ್ಲೂಕಿನ ಪಟ್ಟಿ ಹಿಡಿದು ಹೊರಟಿದ್ದೇವೆ. ಕಾರ್ಖಾನೆಗಳೂ ಬಡಾವಣೆಗಳೂ ಅಲ್ಲಿ ನಮಗಿಂತ ವೇಗವಾಗಿ ಓಡುತ್ತಿವೆ. ಆ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ನಿಮ್ಮ ಊರಿನ ಕೆರೆ ಏರಿಯ ಮೇಲೆ ಒಮ್ಮೆ ನಡೆಯಿರಿ. ಬರಹದ ಕಲ್ಲು ಕಂಡರೆ ಅದನ್ನು ಕದಲಿಸಬೇಡಿ, ಬಣ್ಣ ಬಳಿಯಬೇಡಿ. ನಿಂತ ಜಾಗ, ಮುಖ ಯಾವ ದಿಕ್ಕಿಗಿದೆ, ಊರಿನವರು ಅದನ್ನು ಏನೆಂದು ಕರೆಯುತ್ತಾರೆ, ಈ ಮೂರನ್ನು ಬರೆದು ದಿನಾಂಕ ಹಾಕಿ. ಅಕ್ಷರಗಳನ್ನು ಓದಲು ಜನ ಸಿಗುತ್ತಾರೆ.